ಓಡ್ತದ ಖರೆ... ನಿಲ್ತದೇನ್ರಿ?

ತೆರೆಯ ಮೇಲೆ ಕಾರು ಹಾರಿದಾಗ ಶಿಳ್ಳೆ ಹೊಡೆಯದ ಚಿತ್ರರಸಿಕ ಯಾರಿದ್ದಾರೆ ಹೇಳಿ? 1969ರಲ್ಲಿ ಬಂದ 'ದಿ ಇಟಾಲಿಯನ್ ಜಾಬ್' ಚಿತ್ರ ನೋಡಿದವರಿಗೆ ನೆನಪಿದ್ದೀತು. ಕೆಂಪು, ಬಿಳಿ, ನೀಲಿ ಬಣ್ಣದ ಮೂರು ಪುಟಾಣಿ ಮಿನಿ ಕೂಪರ್‌ಗಳು ಟೂರಿನ್ ನಗರದ ಮೆಟ್ಟಿಲು ಇಳಿದು, ಮಾಳಿಗೆ ಹತ್ತಿ, ಕೊಳವೆಯೊಳಗೆ ನುಗ್ಗಿ ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸುತ್ತವೆ! ಆ ಗೊಂಬೆಯಂಥ ಕಾರು ಬರೀ ಸಿನಿಮಾ ಶೂರನಲ್ಲ ಸ್ವಾಮಿ. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದದ್ದೂ ಅದೇ. ಸಣ್ಣ ಮೈ, ಬಿಸಿ ರಕ್ತ. 1976ರಲ್ಲಿ ಜರ್ಮನಿಯ ಗಾಲ್ಫ್ ಜಿಟಿಐ ಬಂದ ಮೇಲೆ ಈ ಜಾತಿಗೆ 'ಹಾಟ್ ಹ್ಯಾಚ್' ಎಂಬ ಹೆಸರೇ ಅಂಟಿಕೊಂಡಿತು.

ಆದರೆ ಗಾಂಧಿನಗರದವರೆಲ್ಲ ಬಲ್ಲ ಒಂದು ಗುಟ್ಟನ್ನು ಇಲ್ಲಿ ಹೇಳಿಬಿಡುತ್ತೇನೆ. ಸೆಕೆಂಡಿಗೆ 16 ಫ್ರೇಮಿನಂತೆ ತೆಗೆದ ದೃಶ್ಯವನ್ನು ಥಿಯೇಟರಿನಲ್ಲಿ 24 ಫ್ರೇಮಿನಂತೆ ಓಡಿಸಿದರೆ, 60 ಕಿ.ಮೀ. ವೇಗದ ಕಾರು 90ರಲ್ಲಿ ಹೋದ ಹಾಗೆ ಕಾಣುತ್ತದೆ. ಕ್ಯಾಮರಾವನ್ನು ನೆಲಕ್ಕೆ ತಾಗಿಸಿ ಇಟ್ಟರಂತೂ ಕೇಳುವುದೇ ಬೇಡ! ಮೇಲಾಗಿ ರಸ್ತೆಯ ಎರಡೂ ತುದಿಗೆ ಹಗ್ಗ ಕಟ್ಟಿರುತ್ತಾರೆ. ಎಮ್ಮೆ, ಸೈಕಲ್ಲು, ಮುದುಕಪ್ಪ, ಯಾರೂ ಒಳಗೆ ಬರುವಂತಿಲ್ಲ. ನಮ್ಮ ಭಾಲ್ಕಿ ರಸ್ತೆಗೆ ಹಗ್ಗ ಕಟ್ಟುವವರು ಯಾರು?

ಭಾಲ್ಕಿ ಎಂದೆನಲ್ಲ, ನನ್ನ ತಂಗಿಯ ಮನೆ ಅಲ್ಲೇ. ಅವಳ ಒಬ್ಬನೇ ಮಗನಿಗೆ ಮನೆ ಭಾಲ್ಕಿಯಲ್ಲಿ, ಕೆಲಸ ಬೀದರಿನಲ್ಲಿ, ಗೊತ್ತು ಮಾಡಿದ ಹುಡುಗಿ ಔರಾದಿನಲ್ಲಿ! ಬೀದರಿನಿಂದ ಅತ್ತ ಭಾಲ್ಕಿಗೂ ಸುಮಾರು 40 ಕಿ.ಮೀ., ಇತ್ತ ಔರಾದಿಗೂ ಹೆಚ್ಚುಕಡಿಮೆ ಅಷ್ಟೇ. ಈ ಹುಡುಗ ಹೈದರಾಬಾದಿಗೆ ಹೋಗಿ 2017ರ ಮಾಡೆಲ್ಲಿನ ಒಂದು ಸೆಕೆಂಡ್‌ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ ಹಿಡಿದುಕೊಂಡು ಬಂದ. ತೆಲಂಗಾಣದ ನಂಬರು ತೆಗೆಸಿ ಭಾಲ್ಕಿಯ ಕೆಎ-39 ಹಾಕಿಸುವುದರೊಳಗೆ ಅವನ ಚಪ್ಪಲಿ ಸವೆಯಿತು, ಆ ಕಥೆ ಬೇಡ.

ಕಾರು ಮಾತ್ರ ಚಿನ್ನದಂಥದ್ದು. 1.2 ಲೀಟರಿನ ಟರ್ಬೊ ಎಂಜಿನ್, 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ. 2013ರಲ್ಲಿ ಬಂದಾಗ ಹುಡುಗರು ಹುಚ್ಚಾಗಿದ್ದರು. 2022ರಲ್ಲಿ ನಮ್ಮ ದೇಶದಲ್ಲಿ ಪೋಲೊ ತಯಾರಿಕೆಯೇ ನಿಂತುಹೋದ ಮೇಲೆ ಹುಚ್ಚು ಇನ್ನೂ ಏರಿದೆ.

ಇಷ್ಟು ಸಾಲದೆ ಹೋಯಿತು ನಮ್ಮ ಹೀರೋಗೆ! ಒಂದೂವರೆ ಲಕ್ಷ ಎತ್ತಿಟ್ಟುಕೊಂಡು ಒಂದು ಪಟ್ಟಿ ಮಾಡಿದ. ಎಂಜಿನ್ನಿನ ಕಂಪ್ಯೂಟರಿಗೆ ರೀಮ್ಯಾಪ್, ಗಾಡಿ ನೆಲಕ್ಕೆ ಕೂರುವಂಥ ಗಿಡ್ಡ ಸ್ಪ್ರಿಂಗು, ಬಾಯಿ ತೆರೆದ ಏರ್ ಫಿಲ್ಟರು, ಮೂರು ಓಣಿಗೆ ಕೇಳುವ ಸೈಲೆನ್ಸರು. ತಂಗಿ ಫೋನು ಮಾಡಿದಳು. "ಅಣ್ಣಾ, ಅಪ್ಪ ಇಲ್ಲದ ಪೋರ. ನಿನ್ನ ಮಾತೊಂದ ಕೇಳ್ತಾನ. ಲಗ್ನಾಗೂತನಾ ಅವನ ಕೈಕಾಲು ನೆಟ್ಟಗ ಇರ್ಬೇಕ್ ನೋಡು." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ತಟ್ಟುತ್ತಿರಲಿಲ್ಲ.

ಬೇಡ ಎಂದರೆ ಈ ವಯಸ್ಸಿನವರು ಕೇಳುತ್ತಾರೆಯೇ? ಅದೂ ಅಲ್ಲದೆ ನನಗೂ ಈ ಹುಚ್ಚು ಇದೆ. ಹಾಗಾಗಿ ಬೇಡ ಅನ್ನಲಿಲ್ಲ. "ಮೊದಲು ನನ್ನ ಔರಾದಿಗಿ ಕರ್ಕೊಂಡು ಹೋಗು" ಅಂದೆ.

ನವೆಂಬರಿನ ಒಂದು ಸಂಜೆ ಬೀದರಿನಿಂದ ಹೊರಟೆವು. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಗುಡ್ಡದ ಮೇಲೆ. ಅದನ್ನಿಳಿದು ಜನವಾಡ ದಾಟಿ ಮಾಂಜ್ರಾ ನದಿ ಕಡೆ ಬಂದರೆ ಶುರುವಾಗುವುದು ಎರೆಭೂಮಿ. ಈ ಕರಿಮಣ್ಣಿನ ಸ್ವಭಾವ ರೈತನಿಗೆ ಗೊತ್ತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ಹೊಸದಿರಲಿ, ನಾಲ್ಕು ಮಳೆಗಾಲಕ್ಕೆ ಅಲೆ ಅಲೆಯಾಗುತ್ತದೆ. ಕಣ್ಣಿಗೆ ನುಣುಪು, ಕಾರಿಗೆ ಸಮುದ್ರ! ಒಂದು ಅಲೆಯ ಮೇಲೆ ಗಾಡಿ ಎದ್ದು, ಇಳಿದು, ಇನ್ನೊಮ್ಮೆ ಎದ್ದು ತೂಗಾಡಿತು. ಹಳೆಯ ಶಾಕ್ ಅಬ್ಸಾರ್ಬರುಗಳ ಪ್ರಾಣ ಹೋಗಿದೆ ಎಂದು ಅಲ್ಲೇ ಗೊತ್ತಾಯಿತು. ಇಂಥಲ್ಲಿ ಗಿಡ್ಡ ಸ್ಪ್ರಿಂಗು ಹಾಕಿದರೇನಾಗುತ್ತದೆ? ಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗ ಕಡಿಮೆಯಾಗಿ, ಅಲೆ ಬಂದಾಗ ಒಳಗಿನ ರಬ್ಬರಿಗೆ ಹೊಡೆದು ಟೈರು ನೆಲ ಬಿಡುತ್ತದೆ. ನೆಲ ಬಿಟ್ಟ ಟೈರು ಬ್ರೇಕನ್ನೂ ಕೇಳುವುದಿಲ್ಲ, ಸ್ಟೀರಿಂಗನ್ನೂ ಕೇಳುವುದಿಲ್ಲ.

ಸಂತಪುರ ಇನ್ನೂ ದೂರವಿತ್ತು. ಕತ್ತಲು. ಎದುರಿನ ಲಾರಿಗೆ ಲೈಟು ಡಿಮ್ ಮಾಡಿದ. ಅದು ದಾಟುತ್ತಲೇ ಮುಂದೆ ಕಪ್ಪಗೆ ಒಂದು ಗೋಡೆ! ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ, ಹಿಂದಿನ ಟ್ರಾಲಿಗೆ ದೀಪವಿಲ್ಲ, ರಿಫ್ಲೆಕ್ಟರಿನ ಮೇಲೆ ಕಬ್ಬಿನ ಸೋಗೆ. ನಿಂತೆವು... ನಿಂತೆವು ಅನ್ನಿ. ನಡುವೆ ಒಂದು ಎತ್ತಿನ ಅಂತರವಿತ್ತು. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಔರಾದಿನಲ್ಲಿ ಚಹಾ ಕುಡಿಯುತ್ತ ಸಿಗರೇಟು ಪಾಕೀಟಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಓದುಗರೂ ನೋಡಿ. ಒಣ ರಸ್ತೆ, ಒಳ್ಳೆಯ ಟೈರು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ, 60ರಲ್ಲಿರುವ ಕಾರು ನಿಲ್ಲಲು ಸುಮಾರು 37 ಮೀಟರು ಬೇಕು. 100ರಲ್ಲಿ 83. 120ರಲ್ಲಿ 112! ಡಿಮ್ ಲೈಟು ತೋರಿಸುವುದು ಹೆಚ್ಚೆಂದರೆ 50 ಮೀಟರಿನ ಆಸುಪಾಸು. ಉಳಿದದ್ದು ದೇವರ ಲೆಕ್ಕ. ಹಾಗಾದರೆ ಲಾಭವೆಷ್ಟು? 40 ಕಿ.ಮೀ. ದಾರಿಯನ್ನು ಸರಾಸರಿ 60ರಲ್ಲಿ ಹೋದರೆ 40 ನಿಮಿಷ, 80ರಲ್ಲಿ ಹೋದರೆ 30. ಹತ್ತು ನಿಮಿಷ! ಒಂದು ಚಹಾ, ಒಂದು ಪಾನು.

"ಹಂಗಾದ್ರ ಏನೂ ಮಾಡ್ಸೂದೇ ಬ್ಯಾಡೇನ್ರಿ ಮಾಮಾ?"

ಮಾಡಿಸಬೇಕು, ಪಟ್ಟಿಯನ್ನು ತಲೆಕೆಳಗೆ ಮಾಡಿಸಬೇಕು! ಮರುದಿನ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿಸಿದೆ. 1617. ಅಂದರೆ 2017ರ 16ನೇ ವಾರದ ಮಾಲು. ಗಾಡಿ ಹುಟ್ಟಿದಾಗಿನ ಟೈರು, ಗುಂಡಿ ಇನ್ನೂ ಇದೆ, ಆದರೆ ರಬ್ಬರು ಒಣ ಚರ್ಮ. ಬ್ರೇಕ್ ಆಯಿಲ್ ಡಬ್ಬಿ ತೆಗೆದರೆ ಒಳಗೆ ಔರಾದಿನ ಚಹಾದ ಬಣ್ಣ! ಈ ಆಯಿಲು ಗಾಳಿಯ ತೇವ ಕುಡಿಯುತ್ತದೆ. ಹೊಸ ಡಾಟ್-4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕಾದರೆ, ನೀರು ಕುಡಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವ ಈ ಕೆಲಸಕ್ಕೆ ಸೈಲೆನ್ಸರಿನ ಹತ್ತನೇ ಒಂದು ಭಾಗವೂ ಖರ್ಚಿಲ್ಲ. ಆದರೆ ಇದನ್ನು ಯಾರಿಗೆ ತೋರಿಸಿ ಮೆರೆಯುವುದು ಹೇಳಿ?

ಅದೇ ಅಳತೆಯ ಹೊಸ ಟೈರು ನಾಲ್ಕು, ಮುಂದೆ ಒಳ್ಳೆಯ ಬ್ರೇಕ್ ಪ್ಯಾಡು, ಹಿಂದಿನ ಡ್ರಮ್ಮಿಗೆ ಹೊಸ ಶೂ, ಹೊಸ ಆಯಿಲು. ನಾಲ್ಕೂ ಶಾಕ್ ಅಬ್ಸಾರ್ಬರು ಕಂಪನಿ ಎತ್ತರದ್ದೇ, ಸವೆದ ಬುಷ್ಷು ಬದಲು, ಆಮೇಲೆ ಅಲೈನ್‌ಮೆಂಟು. ಹಳದಿಗಟ್ಟಿದ ಹೆಡ್‌ಲೈಟು ಗಾಜಿಗೆ ಪಾಲಿಶು. ಅಂದ ಹಾಗೆ, ಬೀದರಿನ ವಾಯುನೆಲೆ ಸೂರ್ಯಕಿರಣ ತಂಡದ ಮನೆ. ನಮ್ಮ ತಲೆಯ ಮೇಲೆ ರೆಕ್ಕೆಗೆ ರೆಕ್ಕೆ ತಾಗುವ ಹಾಗೆ ಹಾರುವ ಆ ಹಾಕ್ ವಿಮಾನಗಳನ್ನು ಪ್ರತಿ ಸಲ ಏರುವ ಮುಂಚೆ ಸುತ್ತ ತಿರುಗಿ ತಪಾಸಣೆ ಮಾಡುತ್ತಾರೆ. ಹುಡುಗನಿಗೆ ಈ ಮಾತು ಹಿಡಿಸಿತು. ಈಗ ದಿನಾ ಟೈರಿಗೆ ಗಾಳಿ ಮೀಟರು ಹಚ್ಚುತ್ತಾನೆ.

ಬಾಯಿ ತೆರೆದ ಫಿಲ್ಟರಿಗೆ ನಾನು ಖಡಾಖಂಡಿತ ಇಲ್ಲ ಎಂದೆ. ತೊಗರಿ ರಾಶಿ ಮಾಡುವ ಕಾಲದಲ್ಲಿ ಈ ರಸ್ತೆಯ ಧೂಳು ನೋಡಿದವರು ಆ ಮಾತೇ ಎತ್ತುವುದಿಲ್ಲ. ಟರ್ಬೊದ ಚಕ್ರಕ್ಕೆ ಧೂಳೆಂದರೆ ಮರಳುಕಾಗದ.

ಉಳಿದದ್ದು ರೀಮ್ಯಾಪು. ನಿಜ ಹೇಳಬೇಕೆಂದರೆ ಅದೇ ಎಲ್ಲಕ್ಕಿಂತ ಸುಲಭ. ಲ್ಯಾಪ್‌ಟಾಪು ಚುಚ್ಚಿದರೆ ಟರ್ಬೊದ ಒತ್ತಡ ಏರುತ್ತದೆ, ಬಲವೂ ಏರುತ್ತದೆ. ಆದರೆ ಆ ಡಿಎಸ್‌ಜಿ ಪೆಟ್ಟಿಗೆ ತಾಳುವ ಮಿತಿ 250 ನ್ಯೂಟನ್ ಮೀಟರು. ಒಳಗಿರುವುದು ಒಣ ಕ್ಲಚ್ಚು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮಾಮೂಲಿ ಪೆಟ್ರೋಲು ಹಾಕಿದರೆ ಎಂಜಿನ್ನು ಕಟಕಟ ಎನ್ನುತ್ತದೆ, ಕಂಪ್ಯೂಟರು ಇಗ್ನಿಷನ್ ಹಿಂದಕ್ಕೆಳೆದು ಕೊಟ್ಟದ್ದನ್ನು ವಾಪಸ್ಸು ಕಿತ್ತುಕೊಳ್ಳುತ್ತದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಾಯಿತು. ವಿಮೆಯವರು ಕ್ಲೇಮಿನ ಹೊತ್ತಿಗೆ ತಕರಾರು ತೆಗೆದರೆ ಅದು ಬೇರೆ.

ಸಿನಿಮಾ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಕೆಲವರು ಹುಬ್ಬೇರಿಸಬಹುದು. ಶಂಕರ್‌ನಾಗ್ 1985ರಲ್ಲಿ 'ಆಕ್ಸಿಡೆಂಟ್' ತೆಗೆದರು. ರಾಜಕಾರಣಿಯ ಮಗನೊಬ್ಬ ಅಮಲಿನಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಕಾರು ಹರಿಸುವ ಕಥೆ. ಅದರಲ್ಲಿ ಶಂಕರ್ ಪತ್ರಕರ್ತ, ಅನಂತ್‌ನಾಗ್ ಆ ರಾಜಕಾರಣಿ. ರಾಷ್ಟ್ರಪ್ರಶಸ್ತಿಯೂ ಬಂತು. ಐದು ವರ್ಷ ಕಳೆದು, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತದಲ್ಲೇ ಆ ಮನುಷ್ಯ ಹೋದರು. ವಯಸ್ಸು ಮೂವತ್ತೈದು. ಆ ಚಿತ್ರವನ್ನು ಹುಡುಗನಿಗೆ ತೋರಿಸಿದೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಆ ಗಾಡಿ ಯಾವ್ದು ಮಾಮಾ?" ಅಂದ! ಏನು ಮಾಡುತ್ತೀರಿ?

ರೀಮ್ಯಾಪು ಲಗ್ನದ ನಂತರ ನೋಡೋಣ ಎಂಬಲ್ಲಿಗೆ ಸದ್ಯ ಬಂದು ನಿಂತಿದೆ. ಸೈಲೆನ್ಸರಿನ ದುಡ್ಡು ತಂಗಿಯ ಕಪಾಟು ಸೇರಿತು. ಮೊನ್ನೆ ಔರಾದಿನ ಹುಡುಗಿ, ಹಿಂದಿನ ಸೀಟಿನಲ್ಲಿ ಕಾವಲಿಗೆ ತಮ್ಮನನ್ನು ಕೂರಿಸಿಕೊಂಡು, ಈ ಕಾರಿನಲ್ಲಿ ಬೀದರಿಗೆ ಬಂದಿದ್ದಳು. ಗಾಡಿ ಹೆಂಗದವ್ವಾ ಎಂದು ಕೇಳಿದೆ.

"ಮೊದಲ ಹೊಟ್ಟಿ ತೊಳಸ್ತಿತ್ರಿ. ಈಗ ಛಲೋ ನಿದ್ದಿ ಬರ್ತದ."

ನಮ್ಮ ಹೀರೋನ ಮುಖ ನೋಡಬೇಕಿತ್ತು! ಒಂದು ಲಕ್ಷದ ಮೇಲೆ ಸುರಿದು ತಯಾರು ಮಾಡಿದ ಗಾಡಿಯಲ್ಲಿ ಹುಡುಗಿ ನಿದ್ದೆ ಮಾಡುವುದೇ?