ಎತ್ತಿಗೆ ಸೋಮವಾರ, ಆಳಿಗೆ ಯಾವ ವಾರ?



ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದಿರುವುದು ಹಿರಿಯರಿಂದ ಬಂದ ಸಂಪ್ರದಾಯ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಪೂಜಿಸುತ್ತೀರಿ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಮನೆಯ ಯಜಮಾನನಿಗೆ ಊಟ ಸೇರುವುದಿಲ್ಲ. ಆದರೆ ನಮ್ಮ ಅಂಗಡಿಯ ಗುಮಾಸ್ತ, ಕಚೇರಿಯ ನೌಕರ, ಹೊಲದ ಆಳು ಮಂಕಾಗಿ ಕುಳಿತರೆ ಏನೆನ್ನುತ್ತೇವೆ? 'ಮೈಗಳ್ಳ' ಎನ್ನುತ್ತೇವೆ.

ಇದರಲ್ಲಿ ನಮ್ಮದೂ ಒಂದು ತಪ್ಪಿದೆ. ಕೆಲವು ವರ್ಷಗಳ ಹಿಂದೆ, ಪಟ್ಟಣದಲ್ಲಿ ನೌಕರಿ ಮಾಡುತ್ತಿದ್ದ ಶಿಷ್ಯ ಮನೆತನದ ತರುಣನೊಬ್ಬ ಶ್ರೀಮಠಕ್ಕೆ ಬಂದಿದ್ದ. "ಅಜ್ಜಾರ, ರಾತ್ರಿ ನಿದ್ದಿ ಇಲ್ರಿ. ಮುಂಜಾನೆ ಕೆಲಸ ನೆನಸಿದ್ರ ಎದಿ ಹೊಡ್ಕೋತೈತ್ರಿ" ಎಂದ. ರಜೆಯಿಲ್ಲದ ದುಡಿಮೆ, ನಾಲ್ಕು ಜನರೆದುರು ಬೈಗುಳ ಅವನ ಪಾಲಿಗಿತ್ತು. ನಾವು "ಕಾಯಕದಾಗ ಕಷ್ಟ ಇರೂದ ತಮ್ಮಾ, ತಾಳ್ಕೋ" ಎಂದು ವಿಭೂತಿ ಹಚ್ಚಿ ಕಳಿಸಿದೆವು. ಮೂರು ತಿಂಗಳಲ್ಲಿ ಅವನ ತಾಯಿ ಅಳುತ್ತ ಬಂದಳು. ಮಗ ನೌಕರಿ ಬಿಟ್ಟು, ಅನ್ನ ಬಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡಿದ್ದ. ವೈದ್ಯರ ಉಪಚಾರದಿಂದ ಇಂದು ಗುಣವಾಗಿದ್ದಾನೆ. ಆದರೆ ಅಂದು ನಾವಾಡಿದ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಕಾಯಕವೆಂದರೆ ಮೈಮುರಿದು ಸಾಯುವುದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಸತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಲು ಹೇಳಿದ ಕಥೆ ನಿಮಗೆ ಗೊತ್ತು. ಕಾಯಕಕ್ಕೂ ಅಳತೆಯುಂಟು. ಅಳತೆ ಮೀರಿ ತರುವುದು ದೋಷವಾದರೆ, ಇನ್ನೊಬ್ಬನಿಂದ ಅಳತೆ ಮೀರಿ ದುಡಿಸಿಕೊಳ್ಳುವುದು ದೋಷವಲ್ಲವೆ? ಅದಕ್ಕೆ ಕಾಯಕವೆಂದು ಹೆಸರಿಟ್ಟರೆ ಶರಣರಿಗೆ ಮಾಡಿದ ಅಪಚಾರ. ಗಜೇಂದ್ರಗಡದ ನೇಕಾರನು ಎಳೆ ಹರಿದರೆ ಮಗ್ಗ ನಿಲ್ಲಿಸಿ, ಎಳೆ ಕೂಡಿಸಿ ಮುಂದೆ ನೇಯುತ್ತಾನೆ. ಹರಿದ ಎಳೆಯನ್ನು ಬೈಯುವುದಿಲ್ಲ.

ಖಿನ್ನತೆ, ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಮನಸ್ಸಿನ ನೋವು ಹುಚ್ಚಲ್ಲ, ಪೂರ್ವಜನ್ಮದ ಪಾಪವಲ್ಲ. ಜ್ವರದಂತೆ ಅದೂ ಒಂದು ಬೇನೆ, ಅದಕ್ಕೂ ಮದ್ದುಂಟು. ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರಿಂದ ಸರಕಾರದ ಟೆಲಿ ಮನಸ್ ಸೇವೆ ನಡೆದಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿಯೇ, ಉಚಿತವಾಗಿ ಸಲಹೆ ಸಿಗುತ್ತದೆ. ಮಠಕ್ಕೆ ಬನ್ನಿ, ಆಶೀರ್ವಾದ ಪಡೆಯಿರಿ; ಆದರೆ ವೈದ್ಯರಲ್ಲಿಗೆ ಹೋಗುವುದನ್ನು ತಪ್ಪಿಸಬೇಡಿ.

ನಾಲ್ಕು ಮಂದಿಗೆ ಕೆಲಸ ಕೊಟ್ಟ ಧಣಿಗಳಿಗೆ, ಅಧಿಕಾರಿಗಳಿಗೆ ನಮ್ಮದೊಂದು ಮಾತು. ವಾರಕ್ಕೊಂದು ದಿನ ಬಿಡುವು ಕೊಡಿರಿ. ಪಗಾರವನ್ನು ಹೊತ್ತಿಗೆ ಸರಿಯಾಗಿ ಕೊಡಿರಿ. ತಪ್ಪಾದರೆ ಒಬ್ಬನನ್ನೇ ಕರೆದು ತಿದ್ದಿರಿ. ಮುಖ ಬಾಡಿದವನನ್ನು "ಯಾಕಪಾ, ಆರಾಮ ಇಲ್ಲೇನು?" ಎಂದು ಕೇಳಿರಿ. ಉಪಚಾರಕ್ಕೆ ಹೋದವನು ಮರಳಿ ಬರುವವರೆಗೆ ಅವನ ಜಾಗ ಕಾಯ್ದಿಡಿರಿ. ಜಾತ್ರೆಯಲ್ಲಿ ಅನ್ನ ನೀಡುವಷ್ಟೇ ದೊಡ್ಡ ದಾಸೋಹವಿದು. ಹಿರಿಯರೂ ಅಷ್ಟೇ, ನೌಕರಿಯಿಂದ ಊರಿಗೆ ಬಂದ ಮಗನನ್ನು 'ಎಷ್ಟು ಗಳಿಸಿದೆ' ಎನ್ನುವ ಮೊದಲು 'ಹೇಗಿದ್ದೀ' ಎಂದು ಕೇಳಿರಿ.

ಮೂಕ ಎತ್ತಿನ ದಣಿವು ಬಲ್ಲ ನಾಡಿಗೆ ಮಾತು ಬಲ್ಲ ಮನುಷ್ಯನ ದಣಿವು ತಿಳಿಯದಿರಬಾರದು. ಸರ್ವರಿಗೂ ಸನ್ಮಂಗಲವಾಗಲಿ.