ಲಾರ್ಸನ್ ಮಾಡಿದ ತಪ್ಪೇನು?

ಐಸ್ ಹಾಕಿ ಮಾತು ಬಂದಾಗಲೆಲ್ಲ ಯಾರಾದ್ರೂ ಒಬ್ಬರು ಆ ಹಳೇ ಕಥೆ ಎತ್ತಿ ನಗ್ತಾರೆ. ಗೊತ್ತಿಲ್ಲದವರಿಗೆ ಹೇಳ್ತೀನಿ ಕೇಳಿ... 2016ರ ಜೂನ್ 29ರಂದು ಎನ್‌ಎಚ್‌ಎಲ್‌ನ ಎಡ್ಮಂಟನ್ ಆಯ್ಲರ್ಸ್ ತಂಡ ತನ್ನ ಫಾರ್ವರ್ಡ್ ಟೇಲರ್ ಹಾಲ್‌ನನ್ನು ನ್ಯೂಜೆರ್ಸಿ ಡೆವಿಲ್ಸ್‌ಗೆ ಕೊಟ್ಟು, ಡಿಫೆನ್ಸ್‌ಮನ್ ಆಡಮ್ ಲಾರ್ಸನ್‌ನನ್ನು ತಗೊಂಡಿತು. ಒಬ್ಬನಿಗೆ ಒಬ್ಬ. ಹಿಂದಿನ ಸೀಸನ್ನಿನಲ್ಲಿ ಗೋಲು, ನೆರವು ಎರಡೂ ಸೇರಿ ಹಾಲ್‌ದು 65 ಪಾಯಿಂಟ್, ಲಾರ್ಸನ್‌ದು ಬರೀ 18! 2018ರಲ್ಲಿ ಹಾಲ್‌ಗೆ ಹಾರ್ಟ್ ಟ್ರೋಫಿ ಬಂದ ಮೇಲಂತೂ ನಗು ಇನ್ನೂ ಜೋರಾಯ್ತು.

ಅಲ್ಲಾ ಸ್ವಾಮಿ, ಡಿಫೆನ್ಸ್‌ಮನ್ ಕೆಲಸ ಗೋಲು ಆಗದಂತೆ ನೋಡ್ಕೊಳ್ಳೋದು. ಆಗದೇ ಹೋದ ಗೋಲನ್ನು ಯಾವ ಕಾಲಮ್ಮಿನಲ್ಲಿ ಬರೀತೀರಿ? ನಮ್ಮ ಆಫೀಸಲ್ಲೂ ಇದೇ ಹಣೆಬರಹ. ಹೊಸ ಫೀಚರ್ ಬರೆದವನಿಗೆ ಚಪ್ಪಾಳೆ. ರಾತ್ರಿಯಿಡೀ ಸರ್ವರ್ ಬೀಳದಂತೆ ಕಾದವನಿಗೆ ಅಪ್ರೈಸಲ್‌ನಲ್ಲಿ "ಏನಪ್ಪಾ ಮಾಡಿದೆ ಈ ವರ್ಷ?"

ಹಾಗಂತ ಆ ವ್ಯಾಪಾರ ಸರಿ ಅಂತ ನಾನು ವಾದಿಸ್ತಿಲ್ಲ. ಎಡ್ಮಂಟನ್‌ಗೆ ಬಲಗಡೆ ಆಡುವ ಡಿಫೆನ್ಸ್‌ಮನ್ ಬೇಕೇ ಬೇಕಿತ್ತು, ಅದು ಊರಿಗೆಲ್ಲ ಗೊತ್ತಿತ್ತು. ಗರಜು ಮುಖದಲ್ಲೇ ಕಾಣ್ತಿದ್ರೆ ಸಂತೆಯಲ್ಲಿ ರೇಟು ಏರದೇ ಇರುತ್ತಾ? ಲಾರ್ಸನ್ ಜೊತೆ ಒಂದು ಡ್ರಾಫ್ಟ್ ಪಿಕ್ಕಾದ್ರೂ ಬರಬೇಕಿತ್ತು. ಬರಲಿಲ್ಲ. ಒಪ್ಪಿಕೊಂಡದ್ದು ಜನರಲ್ ಮ್ಯಾನೇಜರ್ ಪೀಟರ್ ಚಿಯರೆಲ್ಲಿ, ವರ್ಷಗಟ್ಟಲೆ ಬೈಸಿಕೊಂಡದ್ದು ಲಾರ್ಸನ್!

ಇನ್ನೊಂದು ಮಾತು. ಲಾರ್ಸನ್ ಬಂದ ಮೊದಲ ಸೀಸನ್ನಿನಲ್ಲೇ, ಅಂದ್ರೆ 2017ರಲ್ಲಿ, ಎಡ್ಮಂಟನ್ ಪ್ಲೇಆಫ್ ಮುಟ್ಟಿತು. 2006ರ ನಂತರ ಅದೇ ಮೊದಲು. ಮೆಕ್‌ಡೇವಿಡ್ ಇದ್ದ, ನಿಜ. ಆದ್ರೆ ಹಿಂದೆ ನಿಂತು ತಡೆದವರೂ ಇದ್ರು.

ಬೆಲೆ ತಪ್ಪಿದ್ರೆ ಬೆಲೆ ಕಟ್ಟಿದವನನ್ನು ಬೈಯಿರಿ, ಆಟಗಾರನನ್ನಲ್ಲ. ಏನಂತೀರಾ?