ಊರ ಹೆಸರು, ಮನೆತನದ ಹೆಸರು



ತುಂಗೆಯ ದಡದ ನಮ್ಮ ಹರಿಹರಪುರದ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಜಿಲ್ಲೆಯ ಹೆಸರು ಬಹುಕಾಲ ‘ಚಿಕ್‌ಮಗಳೂರ್’ ಎಂದೇ ಇತ್ತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಅದು ‘ಚಿಕ್ಕಮಗಳೂರು’ ಆಯಿತು, ‘ಹುಬ್ಲಿ’ ಹುಬ್ಬಳ್ಳಿಯಾಯಿತು, ‘ಬಿಜಾಪುರ’ ವಿಜಯಪುರವಾಯಿತು. ಆದರೆ ಗಣಕಯಂತ್ರದಲ್ಲಿರುವ ಹಳೆಯ ವಿಳಾಸಪಟ್ಟಿಗಳು ತಾವಾಗಿ ಬದಲಾಗುವುದಿಲ್ಲ.

ಸಾವಿರಾರು ಸಾಲುಗಳನ್ನು ಕೈಯಿಂದ ತಿದ್ದುವುದು ಪ್ರಯಾಸದ ಕೆಲಸ. ಇದಕ್ಕೆಂದೇ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಎಂಬ ಸೌಲಭ್ಯವುಂಟು. ಮ್ಯಾಕ್ರೊ ಎಂದರೆ ಯಂತ್ರಕ್ಕೆ ನಾವು ಬರೆದುಕೊಡುವ ಆಜ್ಞೆಗಳ ಸರಣಿ. ಅದು ಒಂದೊಂದೇ ಕೋಶಕ್ಕೆ ಹೋಗಿ, ಅಲ್ಲಿರುವುದನ್ನು ಓದಿ, ಹಳೆಯ ಹೆಸರಿದ್ದರೆ ಹೊಸದನ್ನು ಬರೆದು, ಮುಂದಿನ ಕೋಶಕ್ಕೆ ಸಾಗುತ್ತದೆ. ಹಳೆಯ ಮತ್ತು ಹೊಸ ಹೆಸರುಗಳನ್ನು ಜೋಡಿಯಾಗಿ ಕೊಟ್ಟರೆ ಹನ್ನೆರಡನ್ನೂ ಒಂದೇ ಸಲಕ್ಕೆ ಮುಗಿಸುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಯಂತ್ರಕ್ಕೆ ಅಕ್ಷರ ತಿಳಿಯುತ್ತದೆ, ಅರ್ಥ ತಿಳಿಯದು. ಉತ್ತರ ಕರ್ನಾಟಕದ ಅನೇಕ ಮನೆತನಗಳಿಗೆ ಊರ ಹೆಸರೇ ಅಡ್ಡಹೆಸರು. ಇಡೀ ಹಾಳೆಯಲ್ಲಿ ಮ್ಯಾಕ್ರೊ ಓಡಿಸಿದರೆ ‘ಬಿಜಾಪುರ’ ಮನೆತನದವರು ಕ್ಷಣಾರ್ಧದಲ್ಲಿ ‘ವಿಜಯಪುರ’ದವರಾಗುತ್ತಾರೆ. ಸರ್ಕಾರ ಬದಲಿಸಿದ್ದು ಊರ ಹೆಸರನ್ನು, ಮನೆತನದ ಹೆಸರನ್ನಲ್ಲ. ಛತ್ತೀಸಗಢದಲ್ಲಿಯೂ ಬಿಜಾಪುರವೆಂಬ ಜಿಲ್ಲೆಯಿದೆ. ಅದರ ಹೆಸರೂ ಬದಲಾಗಿಲ್ಲ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೀಗಾದರೆ, ಹೆಸರು ಅಂಕಪಟ್ಟಿಗೆ ಹೊಂದದೆ ಮಗುವೊಂದು ತೊಂದರೆಗೆ ಸಿಲುಕಬಹುದು.

ಆದುದರಿಂದ ಕೆಲವು ಎಚ್ಚರಗಳನ್ನು ಪಾಲಿಸುವುದು ಒಳಿತು. ಮೊದಲು ಕಡತದ ಪ್ರತಿಯೊಂದನ್ನು ಬೇರೆಯಾಗಿ ತೆಗೆದಿಡಬೇಕು. ಮ್ಯಾಕ್ರೊ ಮಾಡಿದ ಬದಲಾವಣೆಯನ್ನು ‘ಅನ್‌ಡೂ’ ಗುಂಡಿಯಿಂದ ಹಿಂದಕ್ಕೆ ಪಡೆಯಲಾಗದು. ಊರಿನ ಹೆಸರಿರುವ ಕಂಬಸಾಲನ್ನು ಮಾತ್ರ ಅದಕ್ಕೆ ಒಪ್ಪಿಸಬೇಕು. ರಾಜ್ಯದ ಹೆಸರು ಕರ್ನಾಟಕವೆಂದಿದ್ದರೆ ಮಾತ್ರ ಬದಲಿಸುವಂತೆ ಷರತ್ತು ಹಾಕಬೇಕು. ಕೋಶದಲ್ಲಿರುವುದು ಪೂರ್ತಿಯಾಗಿ ಹೊಂದಿದರಷ್ಟೇ ಬದಲಿಸಬೇಕು. ಇಲ್ಲವಾದರೆ ‘ಯೂನಿವರ್ಸಿಟಿ ಆಫ್ ಮೈಸೂರ್’ ಎಂಬಂತಹ ಸಂಸ್ಥೆಯ ಹೆಸರಿನ ನಡುವೆಯೂ ಅದು ಕೈಯಾಡಿಸೀತು. ಹೆಸರಿನ ಕೊನೆಯಲ್ಲಿ ಕಾಣದಂತೆ ಉಳಿದ ಖಾಲಿ ಜಾಗ, ದೊಡ್ಡಕ್ಷರ-ಸಣ್ಣಕ್ಷರಗಳ ಭೇದ, ಇವುಗಳಿಂದಲೂ ಹೋಲಿಕೆ ತಪ್ಪುತ್ತದೆ. ಅವನ್ನು ಮೊದಲೇ ಸರಿಪಡಿಸಬೇಕು.

ಕಡೆಯದಾಗಿ, ಬದಲಾದ ಪ್ರತಿ ಕೋಶಕ್ಕೂ ಬಣ್ಣ ಹಚ್ಚುವಂತೆ ಮ್ಯಾಕ್ರೊಗೆ ತಿಳಿಸಿ, ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ನೋಡಿರಿ. ಯಾವುದು ಊರು, ಯಾವುದು ಮನೆತನ ಎಂಬುದನ್ನು ಅವರು ಬಲ್ಲರು. ದುಡಿಮೆಯನ್ನು ಯಂತ್ರಕ್ಕೆ ಬಿಡೋಣ; ವಿವೇಕವನ್ನು ನಾವೇ ಇಟ್ಟುಕೊಳ್ಳೋಣ.